ರೊಟ್ಟಿ ಬಿಟ್ಟು ಓಡ್ತಿದ್ದ ಹುಡುಗಿ

ಹೆಸರು, ಊರು, ಕಾಲೇಜು ಹೇಳಲ್ಲ, ದಾವಣಗೆರೆ ಕಡೆಯವರು ಅಂತಷ್ಟೇ ಇಟ್ಕೊಳ್ಳಿ. 19 ವರ್ಷದ ಹುಡುಗಿ, 5000 ಮೀಟರ್ ಓಡ್ತಾಳೆ. ನನ್ನ ಹತ್ರ ಆಪ್ತಸಲಹೆಗೆ ಕರ್ಕೊಂಡು ಬಂದಿದ್ದು ಅವಳ ಅವ್ವ. "ಡಬ್ಬಿಗೆ ಹಾಕಿದ ರೊಟ್ಟಿ ಸಂಜೆ ಹಂಗೇ ವಾಪಸ್ ಬರ್ತಾವ್ರೀ ಮೇಡಂ, ಕೇಳಿದ್ರೆ ಸಿಟ್ಟು, ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ" ಅಂದ್ರು.

ಅವ್ವನ್ನ ಹೊರಗೆ ಕೂರಿಸಿ ಮಾತಾಡಿಸಿದೆ. ತುಂಬಾ ಹೊತ್ತು ಸುಮ್ನಿದ್ದು ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದ್ಲು. ಪೆನ್ಸಿಲ್ಲಲ್ಲಿ ದಿನಾ ಬೆಳಿಗ್ಗೆಯ ತೂಕ, 50ರಿಂದ ಶುರು, ಕೊನೇ ಸಾಲು 45.2. ಪಕ್ಕದ ಪುಟದಲ್ಲಿ ಕೂಪರ್ ಟೆಸ್ಟ್, ಅಂದ್ರೆ 12 ನಿಮಿಷದಲ್ಲಿ ಎಷ್ಟು ದೂರ ಓಡ್ತೀವಿ ಅನ್ನೋ ಪರೀಕ್ಷೆ: ಸ್ಟೇಡಿಯಂನಲ್ಲಿ 12 ನಿಮಿಷಕ್ಕೆ 2800 ಮೀಟರ್, ಫಾರ್ಮುಲಾ ಹಾಕಿದ್ರೆ ವಿಓ2 ಮ್ಯಾಕ್ಸ್ 51, ಸೀನಿಯರ್ ಅಕ್ಕಂದು 56. ಆ ಐದರ ವ್ಯತ್ಯಾಸಕ್ಕೆ ಇವಳು ರಾತ್ರಿಯೂಟ ಬಿಟ್ಟಿದ್ದು, ಯಾಕಂದ್ರೆ ಈ ನಂಬರ್ ಅಂದ್ರೆ ಒಂದು ಕೆಜಿ ತೂಕಕ್ಕೆ ನಿಮಿಷಕ್ಕೆ ಹೆಚ್ಚೆಂದ್ರೆ ಎಷ್ಟು ಮಿಲಿ ಆಕ್ಸಿಜನ್ ಬಳಸ್ತೀವಿ ಅನ್ನೋದು, ಹಂಗಾಗಿ ಕೆಜಿ ಇಳಿಸಿದ್ರೆ ನಂಬರ್ ಏರುತ್ತೆ ಅಂತ ಅವಳ ಲೆಕ್ಕ.

ಬೈಯೋಕೆ ಹೋಗ್ಲಿಲ್ಲ. ಲೆಕ್ಕ ಸರಿಯಾಗೇ ಇದೆ ಕಣಮ್ಮ, ಆದ್ರೆ ಭಾಗಾಕಾರದಲ್ಲಿ ಕೆಳಗಿಂದು ಮಾತ್ರ ಇಳಿಯುತ್ತೆ ಅಂದ್ಕೊಂಡಿದೀಯ, ಊಟ ಬಿಟ್ರೆ ಮೇಲಿಂದೂ ಇಳಿಯುತ್ತೆ, ಆಕ್ಸಿಜನ್ ಹೊರೋದು ರಕ್ತ, ಬಳಸೋದು ಮಾಂಸಖಂಡ, ಎರಡೂ ಬೆಳೆಯೋದು ಊಟದಿಂದಲೇ ಅಂದೆ. ಆಗ ಮೊದಲ್ನೇ ಸಲ ತಲೆ ಎತ್ತಿ ನೋಡಿದ್ಲು. ಆಮೇಲೆ ಒಪ್ಕೊಂಡ್ಲು, ಮೊದಲ ತಿಂಗಳು ಟೈಮಿಂಗ್ ಚೂರು ಚೆನ್ನಾಗಾಗಿತ್ತು, ಈಗ ಎರಡು ತಿಂಗಳಿಂದ ಹಿಂದೆ ಬೀಳ್ತಿದೀನಿ, ಮೊಣಕಾಲ ಕೆಳಗೆ ಎಲುಬೂ ನೋಯುತ್ತೆ ಅಂತ.

ಮುಟ್ಟು ನಿಂತಿದೆ, ಎಲುಬು ನೋಯ್ತಿದೆ ಅಂದ್ರೆ ಅದು ಆಪ್ತಸಲಹೆಯಲ್ಲಿ ಮುಗಿಯೋ ವಿಷಯ ಅಲ್ಲ. ಓಟ ಅವತ್ತೇ ನಿಲ್ಲಿಸಿ ಸ್ತ್ರೀರೋಗ ತಜ್ಞರ ಹತ್ರ, ಮೂಳೆ ಡಾಕ್ಟರ ಹತ್ರ ಕಳಿಸಿದೆ. ಹಿಮೋಗ್ಲೋಬಿನ್ 10.4 ಬಂತು, ಹೆಣ್ಮಕ್ಕಳಿಗೆ 12ರ ಕೆಳಗಿದ್ರೆ ರಕ್ತಹೀನತೆ. ಓಟಕ್ಕೆ ಬೇಕಾದಷ್ಟು ತಿನ್ನದೇ ಇದ್ರೆ ಹಾರ್ಮೋನ್ ಕುಸಿದು ಎಲುಬು ಸವೆಯುತ್ತೆ, ಇದಕ್ಕೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ರೆಡ್-ಎಸ್ ಅಂತ ಹೆಸರಿಟ್ಟಿದೆ. ಮುಟ್ಟು ನಿಂತ್ರೆ ಪ್ರಾಕ್ಟೀಸ್ ಚೆನ್ನಾಗಿ ಆಗ್ತಿದೆ ಅಂತ ಹುಡುಗೀರಿಗೆ ಇನ್ನೂ ಹೇಳೋರಿದಾರೆ, ಕೇಳಿದ್ರೆ ಹೊಟ್ಟೆ ಉರಿಯುತ್ತೆ.

ಎರಡನೇ ಭೇಟಿಯಲ್ಲಿ ಓಟದ ಬಗ್ಗೆನೇ ಮಾತಾಡಿದ್ವಿ, ಯಾಕಂದ್ರೆ ಭಯ ಇದ್ದಿದ್ದು ಅಲ್ಲೇ. ವಿಓ2 ಮ್ಯಾಕ್ಸ್ ಒಂದೇ ಅಲ್ಲ, ಕಾಲು ಕಟ್ಕೊಳ್ಳದೇ ಎಷ್ಟು ಸ್ಪೀಡನ್ನ ತುಂಬಾ ಹೊತ್ತು ಹಿಡೀತೀಯ ಅನ್ನೋದು, ಅಂದ್ರೆ ಲ್ಯಾಕ್ಟೇಟ್ ಥ್ರೆಶೋಲ್ಡ್, ಅದೂ ಬೇಕು. ಅದೇ ಸ್ಪೀಡಿಗೆ ಎಷ್ಟು ಕಮ್ಮಿ ಆಕ್ಸಿಜನ್ ಖರ್ಚು ಮಾಡ್ತೀಯ ಅನ್ನೋದೂ ಬೇಕು, ಒಂದೇ ಸಿಸಿಯ ಎರಡು ಬೈಕಲ್ಲಿ ಮೈಲೇಜ್ ಬೇರೆ ಬೇರೆ ಬರಲ್ವಾ, ಹಂಗೆ. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಮ್ಯಾರಥಾನ್ ಗೆದ್ದ ಅಮೆರಿಕದ ಫ್ರಾಂಕ್ ಶಾರ್ಟರ್ ಅವರ ವಿಓ2 ಮ್ಯಾಕ್ಸ್ ನಂಬರ್ 71ರ ಆಸುಪಾಸು, ಅದೇ ದೇಶದ 5000 ಮೀಟರ್ ಓಟಗಾರ ಸ್ಟೀವ್ ಪ್ರಿಫಾಂಟೇನ್ ಅವರದ್ದು 84, ಚಿನ್ನ ತಂದಿದ್ದು 71 ಇದ್ದವರು. ಅವಳು ಇದನ್ನ ಎರಡು ಸಲ ಕೇಳಿ ಬರ್ಕೊಂಡ್ಲು.

ಕೊಟ್ಟ ಸಲಹೆ ಇಷ್ಟು. ತೂಕದ ಮಷಿನ್ ಚಿಕ್ಕಮ್ಮನ ಮನೆಗೆ. ಓಟ ಡಾಕ್ಟರ್ ಹೇಳಿದ ಮೇಲೇ, ಅದೂ ಮಾತಾಡ್ಕೊಂಡು ಓಡೋ ಸ್ಪೀಡಲ್ಲಿ. ಪೂರ್ತಿ ಗುಣ ಆದ್ಮೇಲೆ ವಾರಕ್ಕೊಂದು ದಿನ ಮೂರ್ನಾಲ್ಕು ಪದ ಮಾತ್ರ ಆಡೋಕಾಗೋ ಸ್ಪೀಡಲ್ಲಿ 20 ನಿಮಿಷ, ಜೊತೆಗೆ ಕಾಲಿಗೆ ಶಕ್ತಿ ಬರೋ ವ್ಯಾಯಾಮ. ಪ್ರಾಕ್ಟೀಸ್ ಮುಗಿದ ಅರ್ಧ ಗಂಟೆಯೊಳಗೆ ಏನಾದ್ರೂ ತಿನ್ಬೇಕು, ಶೇಂಗಾ ಚಿಕ್ಕಿ ಬಾಳೆಹಣ್ಣು ಆದ್ರೂ ಸಾಕು. ಕೋಚ್ ಸರ್‌ಗೆ ಮುಟ್ಟಿನ ವಿಷಯ ಹೇಳೋಕೆ ನಾಚಿಕೆ ಅಂದ್ಲು, ಅದನ್ನ ಅವ್ವ ಹೇಳ್ತಾರೆ ಅಂತ ಮಾತಾಯ್ತು. ಅವ್ವನಿಗೂ ಒಂದು ಮಾತು ಹೇಳಿದೆ: ಡಬ್ಬಿ ತೆಗೆದು ಎಣಿಸಬೇಡ್ರಿ, ರಾತ್ರಿ ಜೊತೆಗೆ ಕೂತು ಉಣ್ರಿ.

ನಾಲ್ಕನೇ ತಿಂಗಳಲ್ಲಿ ಮುಟ್ಟಾಯ್ತು ಅಂತ ಅವ್ವ ಫೋನ್ ಮಾಡಿದ್ರು. ಮುಂದಿನ ಭೇಟಿಗೆ ಅದೇ ನೋಟ್‌ಬುಕ್ ತಂದ್ಲು, ಕೂಪರ್ ಟೆಸ್ಟ್ ಯಾವಾಗ ಮಾಡ್ಲಿ ಮೇಡಂ ಅಂತ ಮೊದಲು ಕೇಳಿದ್ದೇ ಅದು. ಹಿಮೋಗ್ಲೋಬಿನ್ 12 ದಾಟಲಿ, ಡಾಕ್ಟರ್ ಹೂಂ ಅನ್ಲಿ, ಆಮೇಲೆ ನಾನೇ ಸ್ಟೇಡಿಯಂಗೆ ಬಂದು ಟೈಮ್ ಹಿಡೀತೀನಿ ಅಂದಿದೀನಿ.