ಹಗಲು ಮಲಗಿಸಿ ನೋಡುವ ಪರೀಕ್ಷೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮಗಳಿಗೆ 19 ವರ್ಷ. ರಾತ್ರಿ ಎಂಟು ತಾಸು ಮಲಗಿದರೂ ಕ್ಲಾಸಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಾಳೆ. ಜೋರಾಗಿ ನಕ್ಕರೆ ಮೊಣಕಾಲು ಕುಸಿಯುತ್ತದೆ. ಒಂದು ರಾತ್ರಿ ಮತ್ತು ಮರುದಿನ ಇಡೀ ಹಗಲು ಸ್ಲೀಪ್ ಲ್ಯಾಬಿನಲ್ಲಿ ಇರಬೇಕಂತೆ. ಹಗಲು ಮಲಗಿಸಿ ಏನು ನೋಡುತ್ತಾರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಕ್ಕಾಗ ಮೊಣಕಾಲು ಕುಸಿಯುವುದನ್ನು ವೈದ್ಯರಿಗೆ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಮೊದಲು ಅದನ್ನು ಹೇಳಿ. ಹಗಲು ತೂಕಡಿಸಲು ಕಾರಣಗಳು ಹಲವು. ಆದರೆ ಪೂರ್ತಿ ಎಚ್ಚರವಿದ್ದಾಗಲೇ ನಗುವಿಗೆ ಸ್ನಾಯು ಸಡಿಲವಾಗುವುದು ನಾರ್ಕೊಲೆಪ್ಸಿಯ, ಅಂದರೆ ನಿದ್ದೆ-ಎಚ್ಚರದ ಮೇಲೆ ಮೆದುಳಿನ ಹಿಡಿತ ತಪ್ಪುವ ಕಾಯಿಲೆಯ, ಬಲವಾದ ಸುಳಿವು.

ಈ ಪರೀಕ್ಷೆಯನ್ನು ಎಂಎಸ್‌ಎಲ್‌ಟಿ (ಮಲ್ಟಿಪಲ್ ಸ್ಲೀಪ್ ಲೇಟೆನ್ಸಿ ಟೆಸ್ಟ್) ಎನ್ನುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡದ್ದು. ಮುಖ್ಯವಾಗಿ ಅಳೆಯುವುದು ಎರಡನ್ನು: ಎಷ್ಟು ಬೇಗ ನಿದ್ದೆ ಹತ್ತುತ್ತದೆ, ಹತ್ತಿದ ಮೇಲೆ ಕನಸಿನ ನಿದ್ದೆ, ಅಂದರೆ ರೆಮ್, ಎಷ್ಟು ಬೇಗ ಬರುತ್ತದೆ. ಸಾಮಾನ್ಯರಿಗೆ ರೆಮ್ ಬರಲು ಒಂದೂವರೆ ತಾಸಿನಷ್ಟು ಬೇಕು. ನಾರ್ಕೊಲೆಪ್ಸಿ ಇರುವವರಿಗೆ ಕೆಲವೇ ನಿಮಿಷಗಳಲ್ಲಿ ಬಂದುಬಿಡುತ್ತದೆ.

ತಲೆಯ ಮೇಲೆ, ಕಣ್ಣಿನ ಪಕ್ಕ, ಗದ್ದದ ಮೇಲೆ ಎಲೆಕ್ಟ್ರೋಡ್ (ತಂತಿಯಿರುವ ಪುಟ್ಟ ಬಿಲ್ಲೆ) ಅಂಟಿಸಿ ಮೊದಲ ರಾತ್ರಿಯ ನಿದ್ದೆಯನ್ನು ದಾಖಲಿಸುತ್ತಾರೆ. ಬೆಳಿಗ್ಗೆ 6.30ಕ್ಕೆ ಎದ್ದರೆ ಮೊದಲ ಮಲಗುವ ಸರದಿ 8.30ರ ಹೊತ್ತಿಗೆ. ಆಮೇಲೆ ಎರಡು ತಾಸಿಗೊಂದರಂತೆ ಒಟ್ಟು ಐದು. ಪ್ರತಿ ಸಲವೂ ಕೋಣೆ ಕತ್ತಲು ಮಾಡಿ, ಕಣ್ಣು ಮುಚ್ಚಿ ನಿದ್ದೆ ಮಾಡಲು ಪ್ರಯತ್ನಿಸಿ ಎನ್ನುತ್ತಾರೆ. 20 ನಿಮಿಷವಾದರೂ ನಿದ್ದೆ ಬರದಿದ್ದರೆ ಆ ಸರದಿ ಮುಗಿಯಿತು, ಲೆಕ್ಕಕ್ಕೆ 20 ಎಂದೇ ಬರೆದುಕೊಳ್ಳುತ್ತಾರೆ. ಬಂದರೆ ಅಲ್ಲಿಂದ 15 ನಿಮಿಷ ಮಲಗಲು ಬಿಟ್ಟು, ರೆಮ್ ಬರುತ್ತದೆಯೇ ಎಂದು ನೋಡಿ ಎಬ್ಬಿಸುತ್ತಾರೆ. ಐದೂ ಸರದಿಯಲ್ಲಿ ನಿದ್ದೆ ಹತ್ತಲು ಹಿಡಿದ ಸಮಯದ ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದು, ಕನಿಷ್ಠ ಎರಡು ಸಲ ರೆಮ್ ಬೇಗ ಬಂದಿದ್ದರೆ ಫಲಿತಾಂಶ ನಾರ್ಕೊಲೆಪ್ಸಿಗೆ ಹೊಂದುತ್ತದೆ. ಹಿಂದಿನ ರಾತ್ರಿ ನಿದ್ದೆ ಹತ್ತಿದ 15 ನಿಮಿಷದೊಳಗೆ ರೆಮ್ ಬಂದಿದ್ದರೆ ಅದನ್ನೂ ಒಂದಾಗಿ ಎಣಿಸಬಹುದು.

ಮಗಳಿಗೆ ಹಿಂದಿನ ದಿನ ತಲೆಗೆ ಶಾಂಪೂ ಹಾಕಿ ಸ್ನಾನ ಮಾಡಿಸಿ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಅಂಟಿಸುವ ಪೇಸ್ಟ್ ಹಿಡಿಯದು. ನಡುರಾತ್ರಿ ತಂತಿ ಕಳಚಿ ಬಿದ್ದರೆ ಆ ಹೊತ್ತಿನ ದಾಖಲೆ ಹೋಯಿತು. ತಿಂಡಿ ಮೊದಲ ಸರದಿಗೆ ಒಂದು ತಾಸು ಮುಂಚೆ, ಮಧ್ಯಾಹ್ನದ ಸರದಿ ಮುಗಿದೊಡನೆ ಹಗುರ ಊಟ. ಅಂದು ಕಾಫಿ, ಟೀ ಇಲ್ಲ. ನಡುವಿನ ಬಿಡುವಿನಲ್ಲಿ ಹಾಸಿಗೆಯಿಂದ ಎದ್ದು ಕೂತಿರಬೇಕು, ತೂಕಡಿಸಬಾರದು. ಜೊತೆಯಲ್ಲಿರುವ ನಿಮ್ಮ ದೊಡ್ಡ ಕೆಲಸ ಅದೇ: ಮಾತಾಡಿಸುತ್ತಾ ಎಚ್ಚರ ಇಡುವುದು. ಮೊಬೈಲನ್ನು ಸರದಿಗೆ ಕಾಲು ತಾಸು ಮುಂಚೆಯೇ ಎತ್ತಿಡಿ.

ಪ್ರಶ್ನೆ: ನಮ್ಮ ಮನೆಯವರು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಪರೀಕ್ಷೆಗೆ ಮುಂಚೆ ನಿಲ್ಲಿಸಬೇಕೆಂದು ಕೇಳಿದೆವು. ಎರಡು ದಿನ ಬಿಟ್ಟರೆ ಸಾಕೇ?
– ಹುಬ್ಬಳ್ಳಿ

ಉತ್ತರ: ಸಾಲದು, ಮೇಲಾಗಿ ಅಪಾಯ. ಇಂಥ ಬಹುತೇಕ ಮಾತ್ರೆಗಳು ರೆಮ್ ನಿದ್ದೆಯನ್ನು ಅದುಮಿಡುತ್ತವೆ, ಹಾಗಾಗಿ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ತಟ್ಟನೆ ಬಿಟ್ಟರೆ ಅದುಮಿಟ್ಟ ರೆಮ್ ಒಮ್ಮೆಲೇ ನುಗ್ಗಿ, ಇಲ್ಲದ ಕಾಯಿಲೆ ಇದ್ದಂತೆ ತೋರಬಹುದು. ಸಾಮಾನ್ಯವಾಗಿ ಕನಿಷ್ಠ ಎರಡು ವಾರ ಮೊದಲೇ ನಿಂತಿರಬೇಕು. ಇಂಥದ್ದೇ ಮಾತ್ರೆಯಾದ ಫ್ಲುಯೊಕ್ಸೆಟಿನ್ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಅದಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಇದನ್ನು ಮಾತ್ರೆ ಬರೆದ ಮನೋವೈದ್ಯರೇ ಹಂತಹಂತವಾಗಿ ಮಾಡಿಸಬೇಕು. ನಿಲ್ಲಿಸುವುದು ಸುರಕ್ಷಿತವಲ್ಲ ಎಂದು ಅವರು ಹೇಳಿದರೆ ಮಾತ್ರೆ ಮುಂದುವರಿಯಲಿ, ಪರೀಕ್ಷೆಯೇ ಮುಂದಕ್ಕೆ ಹೋಗಲಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾನೆ. ಪರೀಕ್ಷೆಯಲ್ಲಿ ಸರಾಸರಿ 5 ನಿಮಿಷ, ರೆಮ್ ಎರಡು ಸಲ ಬಂದಿದೆ. ನಾರ್ಕೊಲೆಪ್ಸಿ ಖಚಿತವೇ?
– ತುಮಕೂರು

ಉತ್ತರ: ಇಷ್ಟರಿಂದಲೇ ಖಚಿತವೆನ್ನಲಾಗದು. ನಿದ್ದೆಗೆಟ್ಟವರಿಗೂ ರಾತ್ರಿ ಪಾಳಿಯವರಿಗೂ ಇದೇ ಅಂಕಿಗಳು ಬರಬಹುದು. ಅದಕ್ಕೇ ಪರೀಕ್ಷೆಗೆ ಮುಂಚಿನ ಎರಡು ವಾರ ಮಲಗಿದ, ಎದ್ದ ಹೊತ್ತನ್ನು ದಿನವೂ ಬರೆದಿಡಿಸುತ್ತಾರೆ, ಸಾಧ್ಯವಾದರೆ ಕೈಗೆ ಆಕ್ಟಿಗ್ರಾಫ್ (ಕೈಯ ಚಲನೆಯಿಂದ ನಿದ್ದೆ-ಎಚ್ಚರ ಅಂದಾಜಿಸುವ ಗಡಿಯಾರದಂಥ ಸಾಧನ) ಕಟ್ಟುತ್ತಾರೆ. ಹಿಂದಿನ ರಾತ್ರಿ ಲ್ಯಾಬಿನಲ್ಲಿ ಕನಿಷ್ಠ ಆರು ತಾಸು ನಿದ್ದೆ ಆಗಿರಬೇಕು. ಗೊರಕೆಯೊಂದಿಗೆ ಉಸಿರು ಕಟ್ಟುವ ತೊಂದರೆ ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ. ನಿಮ್ಮ ಮಗನ ವರದಿಯಲ್ಲಿ ಈ ಮಾಹಿತಿ ಇದೆಯೇ ನೋಡಿ. ಇಲ್ಲದಿದ್ದರೆ ಕೆಲವು ವಾರ ಹಗಲು ಪಾಳಿ ಕೇಳಿ ಪಡೆದು, ರಾತ್ರಿ ಸಾಕಷ್ಟು ಮಲಗಿ, ಮತ್ತೆ ಮಾಡಿಸುವ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಕಾಯಿಲೆಯ ಹಣೆಪಟ್ಟಿ ಬಿದ್ದರೆ ವರ್ಷಗಟ್ಟಲೆ ಔಷಧಿ, ಅವಸರ ಬೇಡ.

ಪ್ರಶ್ನೆ: ಲಾರಿ ಓಡಿಸುತ್ತೇನೆ. ಇದೇ ಪರೀಕ್ಷೆ ನನಗೂ ಆಗುತ್ತದೆಯೇ?
– ಚಿತ್ರದುರ್ಗ

ಉತ್ತರ: ತೂಕಡಿಕೆಗೆ ಚಿಕಿತ್ಸೆ ಪಡೆದ ನಂತರ ಎಚ್ಚರವಾಗಿರಬಲ್ಲಿರಾ ಎಂದು ನೋಡಲು ಬೇರೆ ಪರೀಕ್ಷೆಯಿದೆ, ಎಂಡಬ್ಲ್ಯುಟಿ (ಮೇಂಟೆನೆನ್ಸ್ ಆಫ್ ವೇಕ್‌ಫುಲ್‌ನೆಸ್ ಟೆಸ್ಟ್). ಮಂದ ಬೆಳಕಿನಲ್ಲಿ ಒರಗಿ ಕೂರಿಸಿ, 40 ನಿಮಿಷ ನಿದ್ದೆ ಮಾಡದೆ ಇರಿ ಎನ್ನುತ್ತಾರೆ. ಇಂಥ ನಾಲ್ಕು ಸರದಿ. ಪಾಸಾದರೂ ಅದು ರಸ್ತೆಯ ಮೇಲಿನ ಖಾತರಿಯಲ್ಲ. ಸ್ಟಿಯರಿಂಗ್ ಹಿಡಿದಾಗ ಈಗ ಕಣ್ಣು ಮುಚ್ಚುತ್ತಿದ್ದರೆ ವೈದ್ಯರು ನೋಡುವವರೆಗೆ ಲಾರಿ ಹತ್ತಬೇಡಿ.