‘ಆದರೆ’ ಎಲ್ಲಿ ಹೋಯಿತು?

ಕೊಡಗಿನ ಗೋಣಿಕೊಪ್ಪಲಿನ ಓದುಗರೊಬ್ಬರ ಪತ್ರ: ‘ಕಾಫಿ ತೋಟವೂ ದೇವರಕಾಡೂ ಒಂದೇ: ಸಂಶೋಧಕರು’ ಎಂದು ಇಲ್ಲಿನ ಪತ್ರಿಕೆಯೊಂದು ಬರೆದಿದೆ. ಊರವರು ದೇವರಿಗೆಂದು ಬಿಟ್ಟ ದೇವರಕಾಡಿನ ಒತ್ತುವರಿ ಬಿಡಿಸಿ ಎಂದರೆ ಈಗ ಆ ಸುದ್ದಿಯನ್ನೇ ನಮ್ಮ ಮುಖಕ್ಕೆ ಹಿಡಿಯುತ್ತಿದ್ದಾರೆ. ನಾಲ್ಕು ದಿನ ಬಂದು ಮರ ಎಣಿಸಿ ಹೋಗುವ ಪಂಡಿತರಿಗೆ ಊರಿನ ಕಷ್ಟ ಏನು ಗೊತ್ತು?

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದು ತಪ್ಪು ವಿಳಾಸಕ್ಕೆ ಹೋಗಿದೆ, ಅಷ್ಟೆ. ನೀವು ಕಳಿಸಿದ ತುಣುಕಿನಲ್ಲಿರುವುದು ಶೋನಿಲ್ ಭಾಗವತ್, ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ಇವರು ನಾಲ್ಕು ದಿನಕ್ಕೆ ಬಂದು ಹೋದವರಲ್ಲ. 58 ಜಾಗಗಳಲ್ಲಿ, ಅಂದರೆ ಮೀಸಲು ಅರಣ್ಯದ 10, ದೇವರಕಾಡಿನ 25, ಕಾಫಿ ತೋಟದ 23 ಕಡೆ ಮರ, ಹಕ್ಕಿ, ಅಣಬೆಗಳನ್ನು ಒಂದೊಂದಾಗಿ ಗುರುತಿಸಿದವರು. ವೈವಿಧ್ಯದ ಲೆಕ್ಕದಲ್ಲಿ ಮೂರೂ ತೀರಾ ದೂರವಿಲ್ಲ ಎಂದು ಅವರು ಬರೆದದ್ದು ನಿಜ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಅಳಿವಿನಂಚಿನ ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡಿನಲ್ಲೇ ಹೆಚ್ಚು, ಪಶ್ಚಿಮಘಟ್ಟಕ್ಕಷ್ಟೇ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲಿ ಹೆಚ್ಚು, ದೇವರಕಾಡಿನ ಅಣಬೆಗಳದ್ದೇ ಬೇರೆ ಗುಂಪು ಎಂದೂ ಬರೆದರು. ಕಾಡು, ದೇವರಕಾಡು, ತೋಟ ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕು ಎಂಬುದು ಅವರ ವಾದ. ಪತ್ರಿಕೆ ಮೊದಲ ವಾಕ್ಯವನ್ನು ಇಟ್ಟುಕೊಂಡು ‘ಆದರೆ’ಯಿಂದ ಮುಂದಿನದನ್ನೆಲ್ಲ ಕತ್ತರಿಸಿತು.

ತಪ್ಪಾದದ್ದು ಎಲ್ಲಿ ನೋಡಿ. ಒಂದು ತೋಟದಲ್ಲಿ ಇಪ್ಪತ್ತು ಜಾತಿಯ ಮರ, ಪಕ್ಕದ ದೇವರಕಾಡಿನಲ್ಲೂ ಇಪ್ಪತ್ತು ಇವೆ ಅನ್ನಿ. ಸಂಖ್ಯೆ ಸಮ. ತೋಟದ್ದು ಸಿಲ್ವರ್ ಓಕ್, ಹಲಸು, ಅತ್ತಿ, ನಂದಿ. ಕಾಡಿನದು ಬೇರೆಯೇ ಪಟ್ಟಿ ಆಗಿದ್ದರೆ ಎರಡರ ನಡುವೆ ಒಂದು ಮರವೂ ಸಾಮಾನ್ಯವಿಲ್ಲದೆ ಇರಬಹುದು. ಜಾತಿ ಎಷ್ಟು ಎಂಬುದು ಒಂದು ಪ್ರಶ್ನೆ, ಯಾವ ಜಾತಿ ಎಂಬುದು ಇನ್ನೊಂದು. ವರದಿಗಾರ ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿದ.

ಅಣಬೆಯ ಮಾತಂತೂ ಬೆಳೆಗಾರರಾದ ನಿಮಗೆ ನಾವು ಹೇಳಬೇಕಿಲ್ಲ. ತೋಟದಲ್ಲಿ ಮರಗಸಿ ಮಾಡಿ ಬಿಸಿಲು ಬಿಡುತ್ತೀರಿ, ಬಿದ್ದ ಕೊಂಬೆ ಸೌದೆಗೆ ಹೋಗುತ್ತದೆ, ಎಲೆ ತುಕ್ಕು ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಶೇ 0.5ರ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಅದು ಶಿಲೀಂಧ್ರ ಕೊಲ್ಲಲೆಂದೇ ಇರುವ ಔಷಧಿ. ದೇವರಕಾಡಿನಲ್ಲಿ ಬಿದ್ದ ದಿಮ್ಮಿಯನ್ನು ಯಾರೂ ಮುಟ್ಟುವುದಿಲ್ಲ. ಅದು ಪಾಚಿ ಹಿಡಿದು, ಮೆತ್ತಗಾಗಿ, ಮಳೆಗಾಲ ಬಂದರೆ ಮೈತುಂಬ ಕೊಡೆ ಬಿಚ್ಚುತ್ತದೆ. ಎರಡೂ ಒಂದೇ ಎಂದು ಬರೆದವರು ಆ ದಿಮ್ಮಿಯ ಹತ್ತಿರ ಹೋಗಿರಲಾರರು.

ವರದಿಗಾರರ ಕಷ್ಟವೂ ಇದೆ, ಒಪ್ಪುತ್ತೇವೆ. ಅದೇ ದಿನ ಆನೆ ದಾಳಿ, ಗ್ರಾಮಸಭೆ, ರಸ್ತೆ ತಡೆ ಎಲ್ಲವನ್ನೂ ಅವರೇ ಬರೆಯಬೇಕು. ಸಂಜೆಯೊಳಗೆ ಸುದ್ದಿ ಹೋಗಬೇಕು. ಶೀರ್ಷಿಕೆ ಕೊಡುವವರು ಬೇರೆ ಊರಿನ ಡೆಸ್ಕಿನಲ್ಲಿ ಕೂತಿರುತ್ತಾರೆ. ಆದರೂ ಒಂದು ಫೋನ್ ಕರೆಗೆ ಹತ್ತು ನಿಮಿಷ ಸಾಕು. ‘ನೀವು ಹೇಳಿದ್ದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇವೆ, ಸರಿಯೇ?’ ಎಂದು ಕೇಳಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ‘ಕಂಡುಬಂದಿದೆ’ ಎಂಬುದು ‘ಸಾಬೀತಾಗಿದೆ’ ಆಗುವುದು, 58 ಜಾಗದ ಮಾತು ಇಡೀ ಕೊಡಗಿನ ಮಾತಾಗುವುದು, ಇವೆಲ್ಲ ಡೆಸ್ಕಿನಲ್ಲೇ ತಡೆಯಬಹುದಾದ ತಪ್ಪುಗಳು.

ಇದು ಹೊಸ ರೋಗವೂ ಅಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1952ರಲ್ಲಿ ಕೊಡವರ ಧರ್ಮ, ಸಮಾಜದ ಮೇಲೆ ಬರೆದ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ ಎಂದರು. ಶ್ರೇಣಿಯಲ್ಲಿ ಕೆಳಗಿರಿಸಲ್ಪಟ್ಟ ಗುಂಪು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ಯತ್ನಿಸುವುದಕ್ಕೆ ಇಟ್ಟ ಹೆಸರು ಅದು. ಅದನ್ನು ‘ಸುಸಂಸ್ಕೃತರಾಗುವುದು’ ಎಂದು ಓದಿ, ಮೊದಲು ಅಸಂಸ್ಕೃತರಾಗಿದ್ದೆವೇ ಎಂದು ಆ ಸತ್ತ ವಿದ್ವಾಂಸರ ಮೇಲೆ ಜಗಳಕ್ಕೆ ನಿಂತರೆ ಅವರು ಬಂದು ಉತ್ತರ ಕೊಡುತ್ತಾರೆಯೇ?

ಬೇಸರಿಸಬೇಡಿ, ನೀವೂ ಶೀರ್ಷಿಕೆಯನ್ನಷ್ಟೇ ಓದಿ ಪಂಡಿತರನ್ನು ಬೈದಿರಿ. ದೇವರಕಾಡಿನ ಪರವಾಗಿ ನಿಮ್ಮ ಕೈಗೆ ಆಧಾರ ಕೊಟ್ಟವರೇ ಅವರು. ದಾಖಲೆಗಳನ್ನು ಕೆದಕಿ, 1873ರಲ್ಲಿ ಸುಮಾರು 15,500 ಎಕರೆ ಇದ್ದ ದೇವರಕಾಡು 1985ಕ್ಕೆ ಸುಮಾರು 6,300 ಎಕರೆಗೆ ಇಳಿದಿದೆ ಎಂದು ತೋರಿಸಿದವರು ಸಂಶೋಧಕರು. 1905ರಲ್ಲಿ ಈ ಕಾಡುಗಳು ಕಂದಾಯ ಇಲಾಖೆಯ ಕೈಗೆ ಹೋದವು, 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬಂದವು ಎಂಬ ಎಳೆಯನ್ನೂ ಹಿಡಿದುಕೊಟ್ಟರು. ಒತ್ತುವರಿಯ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕೆ?

ಈಗ ಮಾಡಬೇಕಾದದ್ದು. ಮೊದಲು ಆ ಪತ್ರಿಕೆಯ ಸಂಪಾದಕರಿಗೇ ಬರೆಯಿರಿ. ಸುದ್ದಿ ಬಂದ ದಿನಾಂಕ, ಪುಟ, ತಪ್ಪಿದ ವಾಕ್ಯ, ಮೂಲದಲ್ಲಿ ಇರುವುದು, ನಾಲ್ಕೂ ಇರಲಿ, ಸಿಟ್ಟು ಬೇಡ. ಪ್ರತಿ ಇಟ್ಟುಕೊಳ್ಳಿ. ತಿದ್ದುಪಡಿ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು. ಸಂಪಾದಕರಿಗೆ ಬರೆದ ಪತ್ರ ಜೊತೆಗಿರಲೇಬೇಕು. ಮಂಡಳಿ ದಂಡ ಹಾಕಲಾರದು, ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ನಿಮ್ಮ ತುಣುಕಿನ ಮೇಲೆ ದಿನಾಂಕ ಕಾಣುತ್ತಿಲ್ಲ. ಮೊದಲು ಅದನ್ನು ನೋಡಿ, ಎರಡು ತಿಂಗಳಾಗಲು ಇನ್ನೆಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕಿ.