ನೇಪಾಳದಲ್ಲಿ ವಿದೇಶಿ ನೆರವಿನ ಕಾರ್ಯಕ್ರಮ ರೂಪಿಸುವ ಕೆಲಸ ಸಿಕ್ಕಿದೆ. ಲಾಗ್‌ಫ್ರೇಮ್ (ಯೋಜನೆಯ ಗುರಿ, ಸೂಚಕ, ಅಪಾಯಗಳನ್ನು ಒಂದೇ ಕೋಷ್ಟಕದಲ್ಲಿ ಬರೆಯುವ ವಿಧಾನ) ಕೋರ್ಸ್ ಮಾಡಲಾ, ಥಿಯರಿ ಆಫ್ ಚೇಂಜ್ (ಯಾವ ಕೆಲಸದಿಂದ ಯಾವ ಬದಲಾವಣೆ ಹೇಗೆ ಬರುತ್ತದೆ ಅಂತ ಬಿಡಿಸಿ ತೋರಿಸುವ ವಿಧಾನ) ಕೋರ್ಸ್ ಮಾಡಲಾ?

ಎರಡೂ ಬೇಡ. ನಾನೂ ಇದೇ ಗೊಂದಲ ಹೊತ್ತು ಕಠ್ಮಂಡುವಿಗೆ ಹೋದವನು. ಲಾಗ್‌ಫ್ರೇಮ್ ಚೆನ್ನಾಗಿಯೇ ಕಲಿತಿದ್ದೆ. ನನ್ನನ್ನು ಮುಳುಗಿಸಿದ್ದು ಬೇರೆಯೇ ವಿಷಯ.

ಅದು 2016. ಒಂದು ವಿದೇಶಿ ನೆರವು ಸಂಸ್ಥೆಯಲ್ಲಿದ್ದೆ. ಗುಡ್ಡಗಾಡು ಜಿಲ್ಲೆಗಳ ಹೆಲ್ತ್ ಪೋಸ್ಟ್‌ಗಳಿಗೆ, ಅಂದರೆ ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ, ಹೆರಿಗೆ ಮಾಡಿಸುವ ತರಬೇತಿ ಇರುವ ನರ್ಸುಗಳನ್ನು ಕೊಡುವ ಕಾರ್ಯಕ್ರಮ. ದುಡ್ಡು ನಮ್ಮದು, ನಡೆಸುವುದು ಅಲ್ಲಿನ ಸರ್ಕಾರ. ಗುರಿ, ಸೂಚಕ, ಅಪಾಯಗಳ ಪಟ್ಟಿ ಎಲ್ಲ ಅಚ್ಚುಕಟ್ಟಾಗಿತ್ತು. ಜೂನ್‌ನಲ್ಲಿ ಸಹಿ ಆಯಿತು.

ಆ ಜೂನ್ ಇದೆಯಲ್ಲ, ಅದೇ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೇಪಾಳದ ಹಣಕಾಸು ವರ್ಷ ಶ್ರಾವಣದ ಮೊದಲ ದಿನ ಶುರುವಾಗುತ್ತದೆ. ನಮ್ಮ ಶ್ರಾವಣ ಅಲ್ಲ, ಅವರದು ಸೌರಮಾನ. ಜುಲೈ ಮಧ್ಯಕ್ಕೆ ಬರುತ್ತದೆ. 2015ರ ಸಂವಿಧಾನದ ಪ್ರಕಾರ ಹಣಕಾಸು ಮಂತ್ರಿ ಜೇಠ 15ಕ್ಕೇ ಬಜೆಟ್ ಮಂಡಿಸಬೇಕು. ಆ ವರ್ಷ ಅದು ಮೇ 28ಕ್ಕೆ ಬಿತ್ತು. ಬಜೆಟ್ ಜೊತೆ ಬರುವ ಖರ್ಚಿನ ಅಂದಾಜು ಪುಸ್ತಕವನ್ನು ಅಲ್ಲಿ ಎಲ್ಲರೂ ರೆಡ್ ಬುಕ್ ಅನ್ನುತ್ತಾರೆ. ಪ್ರತಿ ಕಾರ್ಯಕ್ರಮಕ್ಕೂ ಅದರಲ್ಲೊಂದು ಲೆಕ್ಕ ಶೀರ್ಷಿಕೆ, ಅಂದರೆ ಅದರ ಹಣ ಬರೆದಿಡುವ ಸಾಲು, ಇರುತ್ತದೆ. ಸರ್ಕಾರದ ಹಣ ಎಷ್ಟು, ದಾನಿಯ ಹಣ ಎಷ್ಟು, ಅದು ಅನುದಾನವೋ ಸಾಲವೋ ಎಲ್ಲ ಅಲ್ಲೇ. ಅದರಲ್ಲಿ ಇಲ್ಲದ ಕಾರ್ಯಕ್ರಮಕ್ಕೆ ಸಚಿವಾಲಯ ಒಂದು ರೂಪಾಯಿ ಬಿಚ್ಚುವ ಹಾಗಿಲ್ಲ. ಯೋಜನಾ ಆಯೋಗ ಬಜೆಟ್ ಮಿತಿಯನ್ನು ತಿಂಗಳುಗಳ ಮೊದಲೇ ಸಚಿವಾಲಯಗಳಿಗೆ ಕಳಿಸಿರುತ್ತದೆ. ನಾನು ನಮ್ಮ ಪ್ರಧಾನ ಕಚೇರಿಯ ಜನವರಿ-ಡಿಸೆಂಬರ್ ಲೆಕ್ಕದಲ್ಲಿ 'ಜೂನ್ ಅಂದ್ರೆ ಇನ್ನೂ ಅರ್ಧ ವರ್ಷ ಇದೆ' ಅಂದುಕೊಂಡಿದ್ದೆ. ನಾವು ಸಹಿ ಹಾಕಿ ಫೋಟೋ ತೆಗೆಸಿಕೊಳ್ಳುವಾಗ ಆ ಪುಸ್ತಕ ಅಚ್ಚಾಗಿ ಸಂಸತ್ತಿಗೂ ಹೋಗಿತ್ತು.

ಬೇರೆ ಬಾಬ್ತಿನ ಹಣ ತಿರುಗಿಸುವ ದಾರಿ ಇದೆ, ಅದಕ್ಕೆ ರಕಮಾಂತರ ಅನ್ನುತ್ತಾರೆ. ಆದರೆ ಹೊಸ ಕಾರ್ಯಕ್ರಮಕ್ಕೆ ತನ್ನ ಹಣ ಬಿಟ್ಟುಕೊಡುವ ಇಲಾಖೆ ಯಾವುದಿದೆ?

ಒಂದು ವರ್ಷ ಕಾಯಬಹುದಿತ್ತು. ಆದರೆ ನಮ್ಮ ಕಚೇರಿಗೆ ಆ ವರ್ಷದ ದುಡ್ಡು ಆ ವರ್ಷವೇ ಖರ್ಚಾಗಬೇಕಿತ್ತು. ಹಾಗಾಗಿ ಬಜೆಟ್ಟಿನ ಹೊರಗೆ, ಒಂದು ಎನ್‌ಜಿಒ ಮೂಲಕ ನರ್ಸುಗಳನ್ನು ತೆಗೆದುಕೊಂಡೆವು. ಟಿಪ್ಪಣಿ ಬರೆದವನೂ ನಾನೇ. ಸಂಬಳ ಸರ್ಕಾರಕ್ಕಿಂತ ಜಾಸ್ತಿ ಇಟ್ಟೆವು. ಅಕ್ಕಪಕ್ಕದ ಹೆಲ್ತ್ ಪೋಸ್ಟ್‌ಗಳ ಗುತ್ತಿಗೆ ನರ್ಸುಗಳು ಅಲ್ಲಿ ಬಿಟ್ಟು ಇಲ್ಲಿ ಸೇರಿದರು. ನಮ್ಮ ವರದಿಯಲ್ಲಿ ಹುದ್ದೆಗಳು ಭರ್ತಿ, ಪಕ್ಕದ ಹಳ್ಳಿಯಲ್ಲಿ ಖಾಲಿ. 2017ರಲ್ಲಿ ಸ್ಥಳೀಯ ಚುನಾವಣೆ ನಡೆದು ಮೂಲ ಆರೋಗ್ಯ ಸೇವೆ 753 ಸ್ಥಳೀಯ ಸರ್ಕಾರಗಳ ಕೈಗೆ ಬಂತು. ಗೆದ್ದು ಬಂದವರು ಕೇಳಿದ್ದು ಒಂದೇ: ಇವರು ಯಾರ ನೌಕರರು? ಯಾವ ಸರ್ಕಾರದ ಮಂಜೂರಾದ ಹುದ್ದೆಯಲ್ಲೂ ಅವರು ಇರಲಿಲ್ಲ. ನಮ್ಮ ಹಣ ಮುಗಿದ ತಿಂಗಳು ಅವರ ಕೆಲಸವೂ ಹೋಯಿತು.

ನೆರವು ಪಡೆಯುವ ದೇಶದ ಬಜೆಟ್, ಲೆಕ್ಕಪತ್ರ, ಖರೀದಿ ವ್ಯವಸ್ಥೆಯನ್ನೇ ಸಾಧ್ಯವಾದಷ್ಟೂ ಬಳಸುತ್ತೇವೆ ಅಂತ ದಾನಿಗಳು 2005ರ ಪ್ಯಾರಿಸ್ ಘೋಷಣೆಯಲ್ಲೇ ಒಪ್ಪಿದ್ದರು. ನಮ್ಮ ಕಚೇರಿಗೆ ಬಂದ ಹೊಸಬರಿಗೆ ಅದರ ಸ್ಲೈಡ್ ತೋರಿಸುತ್ತಿದ್ದವನು ನಾನು!

ಹಾಗಾಗಿ ಯಾವ ಕೋರ್ಸ್ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಲಾಗ್‌ಫ್ರೇಮನ್ನು ಕೆಲಸ ಮಾಡುತ್ತಲೇ ಕಲಿಯಬಹುದು. ಮೊದಲು ನೋಡಬೇಕಾದದ್ದು, ನಿಮ್ಮ ಹಣ ಯಾವ ಸರ್ಕಾರದ ಯಾವ ಶೀರ್ಷಿಕೆಗೆ ಬೀಳುತ್ತದೆ, ನೀವು ಹೋದ ಮೇಲೆ ಅದೇ ಸಾಲಿನಲ್ಲಿ ಸಂಬಳ ಕೊಡುವವರು ಯಾರು ಅನ್ನುವುದನ್ನು. ಬಜೆಟ್ ದಿನಕ್ಕೆ ಆಗಲಿಲ್ಲವೇ, ಒಂದು ವರ್ಷ ಮುಂದಕ್ಕೆ ಹಾಕಿ. ಬಾಸ್ ಕೂಗಾಡುತ್ತಾರೆ, ಕೂಗಾಡಲಿ. ಭೂಕಂಪದಂಥ ತುರ್ತು ಬಂದರೆ ಬೇರೆ ಮಾತು. ನಿಮ್ಮ ಕಾರ್ಯಕ್ರಮ ರೆಡ್ ಬುಕ್ ಸೇರಿದರೂ ಹಣದ ಮೇಲೆ ಕಣ್ಣಿಡಿ: ಹಣಕಾಸು ವರ್ಷದ ಕೊನೆಯ ತಿಂಗಳು ಅಸಾರ್, ಮಳೆಗಾಲ. ಉಳಿದ ದುಡ್ಡನ್ನು ಆಗ ಗಡಿಬಿಡಿಯಲ್ಲಿ ಮುಗಿಸುವುದನ್ನು ಅಲ್ಲಿ 'ಅಸಾರೇ ವಿಕಾಸ' ಅಂತ ಗೇಲಿ ಮಾಡುತ್ತಾರೆ.

ಇದು ನೇಪಾಳದ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ರಾಜ್ಯದ ವಿಶ್ವಬ್ಯಾಂಕ್ ಯೋಜನೆಗಳಲ್ಲೂ ಸಾಮಾನ್ಯವಾಗಿ ರಾಜ್ಯ ತನ್ನ ಬಜೆಟ್ಟಿಂದ ಮೊದಲು ಖರ್ಚು ಮಾಡಿ, ಆಮೇಲೆ ಲೆಕ್ಕ ಕಳಿಸಿ ಹಣ ವಾಪಸ್ ಪಡೆಯುತ್ತದೆ. ಶೀರ್ಷಿಕೆ ಇಲ್ಲದೆ ಇಲ್ಲೂ ಏನೂ ನಡೆಯುವುದಿಲ್ಲ, ಅಲ್ವಾ?

ಕೋರ್ಸಿಗೆ ಇಟ್ಟ ದುಡ್ಡನ್ನು ನೇಪಾಳಿ ಪಾಠಕ್ಕೆ ಹಾಕಿ. ರೆಡ್ ಬುಕ್ ದೇವನಾಗರಿಯಲ್ಲಿದೆ, ಹಿಂದಿ ಓದಲು ಬಂದರೆ ಅರ್ಧ ದಾರಿ ಮುಗಿದ ಹಾಗೆ. ಹಣಕಾಸು ಸಚಿವಾಲಯದ ವೆಬ್‌ಸೈಟಿನಲ್ಲಿ ಸುಮ್ನೆ ಸಿಗುತ್ತದೆ. ವಿಮಾನ ಹತ್ತುವ ಮೊದಲೇ ಆರೋಗ್ಯ ಸಚಿವಾಲಯದ ಪುಟಗಳನ್ನು ಓದಿ ಮುಗಿಸಿ.